ಆಡದೆ ಗೆಲ್ಲುವ ಪಂದ್ಯ

ಆಟ ಶುರುವಾಗಬೇಕಾದ ಹೊತ್ತಾದರೂ ಎದುರಾಳಿ ತಂಡದ ಸುಳಿವಿರಲಿಲ್ಲ. ರೆಫ್ರಿ ಕೈಗಡಿಯಾರ ನೋಡಿಕೊಂಡು, "ಇನ್ನರ್ಧ ಗಂಟೆ ಕಾಯ್ತೀನಿ. ಬರ್ಲಿಲ್ಲ ಅಂದ್ರೆ ನೀವೇ ಗೆದ್ದ ಹಾಗೆ" ಎಂದು ಹೇಳಿ ನೆರಳು ಹುಡುಕಿಕೊಂಡು ಹೋದರು. ಕಾಲೇಜಿನ ಫುಟ್‌ಬಾಲ್ ಹುಡುಗರು ಮುಖ ಮುಖ ನೋಡಿಕೊಂಡರು. ಆ ವರ್ಷ ಆಡಿದ ಪಂದ್ಯಗಳನ್ನೆಲ್ಲ ಅವರು ಸೋತಿದ್ದರು. ಆಡದೆ ಗೆಲ್ಲಬಹುದು ಎಂಬುದು ಯಾರಿಗೂ ಹೊಳೆದಿರಲಿಲ್ಲ.

ತರಬೇತಿ ಕೊಡುವ ಮೇಷ್ಟ್ರ ಮುಖಕ್ಕೆ ಎಷ್ಟೋ ತಿಂಗಳ ಮೇಲೆ ಕಳೆ ಬಂತು. ಈ ಕೊನೆಯ ಪಂದ್ಯವನ್ನೂ ಸೋತರೆ ಮುಂದಿನ ವರ್ಷ ತಂಡವೇ ಬೇಡ, ಮೈದಾನವನ್ನು ವಾಹನ ನಿಲ್ಲಿಸಲು ಬಿಡೋಣ ಎಂದು ಪ್ರಾಂಶುಪಾಲರು ಹೇಳಿಯಾಗಿತ್ತು. ವಾಹನಗಳ ಮೇಲ್ವಿಚಾರಣೆ ಮೇಷ್ಟ್ರಿಗೇ ಎಂದೂ ಹೇಳಿದ್ದರು.

ಅಷ್ಟರಲ್ಲಿ ಗೋಲ್‌ಕೀಪರ್‌ನ ಫೋನ್ ಹೊಡೆದುಕೊಂಡಿತು. ಅವನನ್ನು ಎಲ್ಲರೂ ಜರಡಿ ಎಂದೇ ಕರೆಯುತ್ತಿದ್ದರು. ತಂಡದ ನಾಯಕನೂ ಅವನೇ. ಬೇರೆ ಯಾರೂ ಒಪ್ಪದೆ ಆ ಪಟ್ಟ ಅವನ ತಲೆಗೆ ಬಂದಿತ್ತು.

"ಸರ್, ಆ ತಂಡದ ಕ್ಯಾಪ್ಟನ್. ಅವರ ಬಸ್ಸು ಸೇತುವೆ ಹತ್ರ ಕೆಟ್ಟು ನಿಂತಿದೆಯಂತೆ. ಏನಾದ್ರೂ ಮಾಡೋಕಾಗುತ್ತಾ ಅಂತಾನೆ."

"ನೀನೇನಂದೆ?"

"ಕೇಳಿ ಹೇಳ್ತೀನಿ ಅಂದೆ."

"ಏನೂ ಹೇಳ್ಬೇಡ. ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋ ಹೋಗು."

ಜರಡಿ ಹೋಗಿ ಅಮ್ಮನ ಪಕ್ಕ ಕೂತ. ಬಟ್ಟೆ ಹೊಲಿಯುವ ಅಂಗಡಿಯನ್ನು ಮಟಮಟ ಮಧ್ಯಾಹ್ನವೇ ಮುಚ್ಚಿ, ಅಳತೆಯ ಟೇಪನ್ನು ಕೊರಳಿನಿಂದ ತೆಗೆಯುವುದನ್ನೂ ಮರೆತು ಅವರು ಬಂದಿದ್ದರು. ಮಗನ ಆಟ ನೋಡಲು ಬಂದದ್ದು ಇದೇ ಮೊದಲು. ಫುಟ್‌ಬಾಲನ್ನು ಕಾಲಿನಲ್ಲಿ ಆಡುತ್ತಾರೆ ಎಂಬಷ್ಟು ಅವರಿಗೆ ಗೊತ್ತಿತ್ತು. ಮಗನ ಕೈಗವಸು ನೋಡಿದ ಮೇಲೆ ಅದೂ ಅನುಮಾನವಾಗಿತ್ತು.

"ಯಾವಾಗ ಶುರುವಾಗುತ್ತೋ?"

"ಆಗಲ್ಲಮ್ಮ. ನಾವು ಗೆದ್ದ ಹಾಗೇನೇ."

"ಆಡ್ದೇನಾ?"

"ಹೂಂ."

ಅಮ್ಮ ಅವನ ಕಡೆ ತಿರುಗಿದರು. "ಹಾಗಾದ್ರೆ ನಾನ್ಯಾಕೆ ಅಂಗಡಿ ಮುಚ್ಚಿ ಬಂದೆ?"

ಸಿಟ್ಟಿನಿಂದ ಕೇಳಿದ ಮಾತಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ಜರಡಿ ಎದ್ದು ಹೋಗಿ ಮೇಷ್ಟ್ರ ಮುಂದೆ ನಿಂತ.

"ಸರ್, ನಮ್ಮ ಕಾಲೇಜಿನ ಬಸ್ಸು ಕೊಡ್ಸಿ. ಅವರನ್ನ ಕರ್ಕೊಂಡು ಬರ್ತೀನಿ."

"ತಲೆ ಕೆಟ್ಟಿದ್ಯಾ? ಮುಂದಿನ ವರ್ಷ ತಂಡ ಇರಲ್ಲ ಕಣೋ."

"ಇವತ್ತು ಇದೆಯಲ್ಲ ಸರ್."

ಮೇಷ್ಟ್ರು ಅವನನ್ನು ಕೆಕ್ಕರಿಸಿ ನೋಡಿದರು. ಆಮೇಲೆ ಅವನ ಇಡೀ ತಲೆಮಾರನ್ನೇ ಬೈಯುತ್ತ ಡ್ರೈವರನ್ನು ಕೂಗಿದರು.

ಎದುರಾಳಿಗಳು ಬಂದರು. ಒಬ್ಬೊಬ್ಬರೂ ಕೈಕುಲುಕಿ ಉಪಕಾರ ಮರೆಯುವುದಿಲ್ಲ ಎಂದರು. ಆಮೇಲೆ ಆರು ಗೋಲು ಹೊಡೆದರು. ಜರಡಿ ಎಡಕ್ಕೆ ಹಾರಿದ, ಬಲಕ್ಕೆ ಹಾರಿದ, ಚೆಂಡಿಗೆ ಅಡ್ಡ ಬಿದ್ದು ಒಂದನ್ನು ಮೂಗಿನಿಂದ ತಡೆದ. ಪ್ರಾಂಶುಪಾಲರು ಅರ್ಧಕ್ಕೇ ಎದ್ದು, ಮೈದಾನದ ಉದ್ದಗಲ ಅಳೆಯುವವರಿಗೆ ಫೋನ್ ಮಾಡಲು ಹೋದರು.

ಆಟ ಮುಗಿಯಿತು. ಮೈಯೆಲ್ಲ ಮಣ್ಣಾದ ಜರಡಿ ತಲೆ ತಗ್ಗಿಸಿಕೊಂಡು ಬಂದ. ಮೇಷ್ಟ್ರು ಅವನ ಹಿಂದೆಯೇ ಬಂದರು, ಬೈಯಲೋ ಬೇಡವೋ ಎಂದು ತೀರ್ಮಾನಿಸಲಾಗದೆ. ಅಮ್ಮ ಎದ್ದು ಕರವಸ್ತ್ರದಿಂದ ಮಗನ ಮೂಗು ಒರೆಸಿದರು. ಅವರ ಮುಖ ಊರಗಲವಾಗಿತ್ತು.

"ಆಟ ಪೂರ್ತಿ ಎಲ್ಲರೂ ನಿನ್ನ ಹತ್ರಾನೇ ಓಡಿ ಬರ್ತಿದ್ರಲ್ಲೋ! ಆ ಕಡೆ ಕೊನೇಲಿ ಒಬ್ಬ ನಿಂತಿದ್ದ ನೋಡು, ಪಾಪ... ಅವನ ಹತ್ರ ಯಾರೂ ಹೋಗ್ಲೇ ಇಲ್ಲ."