ರೋಡೋಡೆಂಡ್ರಾನ್ ಬುಡದ ನೀರು

ಪಕ್ಕದ ಮನೆಯ ಶೌಕತ್ ಗೋಡೆಯ ಮೇಲಿಂದ ಕೈ ಚಾಚಿ ಮಗ್ಗು ಬಗ್ಗಿಸಿದ. ಗಿಡದ ಬುಡಕ್ಕೆ ನೀರಿನಂಥದ್ದೇನೋ ಬಿತ್ತು. ಪರದೆಯ ಹಿಂದೆ ನಿಂತಿದ್ದ ಚಂದ್ರಶೇಖರಯ್ಯನವರ ಮೈ ಉರಿದುಹೋಯಿತು. ಸಿಕ್ಕಿಬಿದ್ದ ಕಳ್ಳ!

ಅದೇನು ಸಾಮಾನ್ಯ ಗಿಡವೇ? ಅವರ ಹೆಂಡತಿ ಶಿವಬಸಮ್ಮ ಆರು ವರ್ಷದ ಹಿಂದೆ ಊಟಿಯಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ರೋಡೋಡೆಂಡ್ರಾನ್. ಬೆನ್ಸನ್ ಟೌನಿನ ಬಿಸಿಲಿಗೆ ಅದು ಬದುಕುವುದಿಲ್ಲವೆಂದು ಕಂಡಕಂಡವರೆಲ್ಲ ಹೇಳಿದ್ದರು. ಆಕೆ ಹಟ ಬಿಡಲಿಲ್ಲ. ನಲ್ಲಿ ನೀರು ಮುಟ್ಟಿಸದೆ ಮಳೆನೀರು ಹಿಡಿದಿಟ್ಟು ಹಾಕಿದಳು, ಕಾಫಿ ಚರಟ ಹಾಕಿದಳು.

ಕಳೆದ ದೀಪಾವಳಿಗೆ ಆಕೆ ಹಾಸಿಗೆ ಹಿಡಿದಳು. ಡಾಕ್ಟರು ಕೈಚೆಲ್ಲಿದರು. ಜನವರಿಯಲ್ಲಿ ಗಿಡಕ್ಕೆ ಮೊದಲ ಮೊಗ್ಗು ಬಂತು. "ಇದೊಂದು ಅರಳೋದು ನೋಡ್ಬಿಟ್ರೆ ಸಾಕು ಕಣ್ರೀ" ಎಂದಳು. ಅವರು ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದು ಹಾಕಿದರು.

ಈಗ ಎಲೆಗಳು ಹಳದಿಗೆ ತಿರುಗಿದ್ದವು. ಮೊಗ್ಗು ಮುದುಡಿ ಕೂತಿತ್ತು. ಚಂದ್ರಶೇಖರಯ್ಯ ಏನು ಕಮ್ಮಿ ಮಾಡಿದ್ದರು? ಬೆಳಿಗ್ಗೆ ಎದ್ದು ಸ್ನಾನ, ಆಕೆಯ ಮಂಚದ ಪಕ್ಕದಲ್ಲೇ ಲಿಂಗಪೂಜೆ, ವಿಭೂತಿ ಕದಡಿದ ಪೂಜೆಯ ನೀರನ್ನು ಯಾರೂ ತುಳಿಯದ ಹಾಗೆ ಆ ಗಿಡಕ್ಕೇ ಹಾಕುವುದು, ಆಮೇಲೆ ಗಂಜಿ, ಗುಳಿಗೆ. ಆಕೆ ದಿಂಬಿಗೊರಗಿ ಕಣ್ಣು ಕೀಳದೆ ಎಲ್ಲವನ್ನೂ ನೋಡುತ್ತಿದ್ದಳು. ಗಿಡವೂ ಆಕೆಯೂ ಒಟ್ಟೊಟ್ಟಿಗೆ ಸೊರಗುತ್ತಿದ್ದರೆ ಅವರಿಗೆ ಕೈಕಾಲೇ ಆಡುತ್ತಿರಲಿಲ್ಲ.

"ಯಾರೋ ಏನೋ ಹಾಕಿ ಸಾಯಿಸ್ತಿದ್ದಾರೆ ಶಿವಬಸು" ಎಂದಿದ್ದರು ಮೊನ್ನೆ.

"ಹಾಕೋರು ಹಾಕ್ಲಿ ಬಿಡಿ. ಯಾರ ಮೇಲೂ ಹೋಗ್ಬೇಡಿ."

ಬಿಡುವುದುಂಟೇ! ಹೋದ ವರ್ಷ ಇದೇ ಗೋಡೆಯ ವಿಷಯಕ್ಕೆ ಶೌಕತ್‌ನೊಂದಿಗೆ ಮಾತಿಗೆ ಮಾತು ಬೆಳೆದಿತ್ತು. ಆ ಸೇಡೇ ಇದು. ಅವರು ಬಾಗಿಲು ತಳ್ಳಿಕೊಂಡು ಹೊರಗೆ ಬಂದರು.

"ಏನ್ರೀ ಸುರೀತಿದ್ದೀರಾ? ಸಾಯೋರ ಮುಂದೆ ಸೇಡು ತೀರಿಸ್ಕೊಳ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ಶೌಕತ್ ಕೈಯಲ್ಲಿದ್ದ ಮಗ್ಗನ್ನು ತಗ್ಗಿಸಿದ. ರಸೆಲ್ ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷದಿಂದ ಹೂವಿನ ಅಂಗಡಿ ಇಟ್ಟವನು. ಊಟಿಯ ಗಿಡಗಳನ್ನು ಬಲ್ಲವನು.

"ವಿನಿಗರ್ ನೀರು ಸಾರ್. ಈ ಗಿಡಕ್ಕೆ ಹುಳಿ ಮಣ್ಣೇ ಬೇಕು. ಬೂದಿ, ಸುಣ್ಣ ಬಿದ್ರೆ ಮುಗೀತು. ಉಳೀತದೇನೋ ಅಂತ ದಿನಾ ಇಷ್ಟು ಹಾಕ್ತಿದ್ದೆ."

"ಇಲ್ಲಿ ಬೂದಿ ಹಾಕೋರು ಯಾರ್ರೀ?"

ಶೌಕತ್‌ನ ಕಣ್ಣು ಅವರ ಹಣೆಯ ಮೇಲಿನ ಮೂರು ಬಿಳಿ ಗೆರೆಗಳ ಮೇಲೆ ಒಂದು ಗಳಿಗೆ ನಿಂತು ಕೆಳಗಿಳಿಯಿತು.

ಚಂದ್ರಶೇಖರಯ್ಯನವರ ಕೈ ಹಣೆಗೆ ಹೋಯಿತು. ಗಿಡಕ್ಕೂ ಒಳ್ಳೆಯದಾಗಲಿ ಎಂದು ದಿನವೂ ನೀರಿಗೆ ಇನ್ನೊಂದು ಚಿಟಿಕೆ ವಿಭೂತಿ ಹೆಚ್ಚೇ ಹಾಕಿದ್ದವರು ಅವರು.

"ಅಯ್ಯೋ, ಮೊದಲೇ ಹೇಳ್ಬಾರ್ದಿತ್ತೇನ್ರೀ?"

"ಕಿಟಕೀಲಿ ಅಮ್ಮಾವ್ರಿಗೆ ಹೇಳ್ದೆ ಸಾರ್, ಎರಡು ತಿಂಗಳಾಯ್ತು. ನಿಮಗೆ ಮಾತ್ರ ಹೇಳ್ಬೇಡಿ ಅಂತ ಆಣೆ ಹಾಕಿಸ್ಕೊಂಡ್ರು."

ಅವರು ಒಳಗೆ ಓಡಿದರು. ಶಿವಬಸಮ್ಮ ಎಲ್ಲವನ್ನೂ ಕಿಟಕಿಯಿಂದ ಕೇಳಿಸಿಕೊಂಡಿದ್ದಳು.

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ?" ಅವರ ದನಿ ಒಡೆಯಿತು. "ನಿನ್ನ ಹೂವು ಹೋಯ್ತಲ್ಲೇ!"

"ಮೂವತ್ತು ವರ್ಷ ಗೋಗರೆದ್ರೂ ಒಂದು ದಿನಾನೂ ಲಿಂಗ ಹಿಡೀದ ಮನುಷ್ಯ, ನಾನು ಉಳೀಲಿ ಅಂತ ದಿನಾ ಪೂಜೆಗೆ ಕೂತಿದ್ರಿ. ಆ ಪೂಜೆ ನೀರಿಂದ್ಲೇ ಗಿಡ ಸಾಯ್ತಿದೆ ಅಂದಿದ್ರೆ ಪೂಜೇನೇ ಬಿಟ್ಟುಬಿಡ್ತಿದ್ರಿ, ಆಮೇಲೆ ನಿಮ್ಮನ್ನ ಹಾಗೆ ನೋಡೋಕೆ ನನಗೆ ಸಿಗ್ತಿತ್ತಾ?"