ಸೂಜಿಗೆ ಮುಂಚಿನ ಮಾತು

"ನಿಮ್ಮ ಆಫೀಸಿನ ಆ ಗೊಣಗಪ್ಪ ಮ್ಯಾನೇಜರ್ ಈಗ ಹೇಗಿದ್ದಾನೆ?" ಎಂದು ಅಕ್ಕ ಕೇಳಿದಳು. ಕೇಳಿದ ಮೇಲೆ ಆ ದನಿ ಎಲ್ಲಿಯದೆಂದು ಅವಳಿಗೇ ಗುರುತು ಹತ್ತಿತು. ಲ್ಯಾಬಿನಲ್ಲಿ ರಕ್ತ ತೆಗೆಯುವಾಗ ದಿನಕ್ಕೆ ನಲವತ್ತು ಜನರೊಡನೆ ಆಡುವ ದನಿ ಅದು. ಮಕ್ಕಳೆಷ್ಟು, ಮನೆ ಎಲ್ಲಿ ಎಂದು ವಿಚಾರಿಸಿ, ಅವರು ಉತ್ತರಿಸುತ್ತಿರುವಾಗಲೇ ಸೂಜಿ ಇಳಿಸುತ್ತಿದ್ದಳು. ಮೊನ್ನೆ ತಂಗಿಗೂ ಹಾಗೆಯೇ ಮಾಡಿದ್ದಳು. ಆ ರಕ್ತದ ವರದಿ ಈಗ ಅಕ್ಕನ ಬ್ಯಾಗಿನಲ್ಲಿತ್ತು. ಅದರಲ್ಲಿದ್ದ ಕಾಯಿಲೆಯ ಹೆಸರನ್ನು ಹೇಗೆ ಬಾಯಿಬಿಟ್ಟು ಹೇಳುವುದೋ ಅವಳಿಗೆ ತಿಳಿಯಲಿಲ್ಲ.

"ಅವನಿಗೇನು ಧಾಡಿ, ಗುಂಡುಕಲ್ಲಿನ ಹಾಗಿದ್ದಾನೆ," ಎಂದು ತಂಗಿ ನಕ್ಕಳು.

"ಮತ್ತೆ... ನಿನ್ನ ಪಕ್ಕ ಕೂರೋ ಆ ವಟವಟ ಹುಡುಗಿ? ಅವಳಿಗೆ ಮದುವೆ ಗೊತ್ತಾಯ್ತಾ?"

ತಂಗಿಯ ನಗು ನಿಧಾನವಾಗಿ ಇಳಿಯಿತು. ಮನೆಯಲ್ಲಿ ಅಕ್ಕ ಇಷ್ಟೆಲ್ಲ ಕೇಳುವವಳೇ ಅಲ್ಲ. ಅಕ್ಕನ ಬೆರಳುಗಳು ಬ್ಯಾಗಿನ ಜಿಪ್ಪನ್ನು ಹಿಡಿದುಕೊಂಡೇ ಇರುವುದನ್ನು ಅವಳು ನೋಡಿದಳು. ಎಡತೋಳಿನ ಬಟ್ಟೆಯನ್ನು ಮೇಲಕ್ಕೆ ಮಡಚಿಕೊಂಡು, ಕೈಯನ್ನು ಮೇಜಿನ ಮೇಲೆ ಚಾಚಿ, ಮುಷ್ಟಿ ಬಿಗಿದಳು.

"ಹ್ಞೂಂ, ಈಗ ಹೇಳಿಬಿಡು ಅಕ್ಕಾ," ಎಂದು ಮುಖವನ್ನು ಆಚೆಗೆ ತಿರುಗಿಸಿದಳು.