ಪ್ರತಿ ಶನಿವಾರ ಒಂದು ಕೊರತೆ

"ಮತ್ತೆ ಏನೋ ಇಲ್ಲ ಅಂತಿದೆ, ಲಿಬುಶೆ ಅವ್ರೇ," ಎನ್ನುತ್ತ ಬೊಹುಮಿಲ್ ತನ್ನ ಹಳೆಯ ಲ್ಯಾಪ್‌ಟಾಪನ್ನು ಆಕೆಯ ಮುಂದೆ ಸರಿಸಿ, ಏನೂ ಅರಿಯದವನಂತೆ ಕುಳಿತ. ಜೆಕ್ ದೇಶದ ಬ್ರನೋ ಊರಿನ ಒಂದು ಚಹಾದಂಗಡಿಯ ಹಿಂದಿನ ಕೋಣೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ, ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಬಳಸುವವರು ಸೇರುತ್ತಿದ್ದರು. ಬಂದವರ ತೊಡಕು ಬಿಡಿಸುವ ಕೆಲಸ ಲಿಬುಶೆಯದು.

ಅವನಿಗೆ ನಕ್ಷತ್ರಗಳನ್ನು ತೋರಿಸುವ ಹಳೆಯದೊಂದು ಪ್ರೋಗ್ರಾಮ್ ಬೇಕಿತ್ತು. ಅದೀಗ ಸಿದ್ಧವಾಗಿ ಸಿಗುವುದಿಲ್ಲ. ಮೂಲ ಕೋಡ್ ತಂದು ತಾವೇ ಕಂಪೈಲ್ ಮಾಡಿ, ಓಡುವ ರೂಪಕ್ಕೆ ತಂದುಕೊಳ್ಳಬೇಕು. ಅದೋ ಮಹಾ ಹಟಮಾರಿ. ತನಗೆ ಬೇಕಾದ ಬಿಡಿಭಾಗಗಳಲ್ಲಿ ಚಿತ್ರಗಳ ಪ್ಯಾಕೇಜು ಇಲ್ಲವೆಂದು ಒಂದು ವಾರ ನಿಂತುಬಿಡುತ್ತಿತ್ತು. ಅದನ್ನು ಹಾಕಿಕೊಟ್ಟರೆ ಮರುವಾರ ಇನ್ನೊಂದು ಇಲ್ಲವೆಂದು ಮುನಿಯುತ್ತಿತ್ತು.

ನಿಜ ಹೇಳಬೇಕೆಂದರೆ, ಬೇಕಾದದ್ದೆಲ್ಲ ಎಂದೋ ಕೂಡಿಬಂದಿತ್ತು. ಮನೆಯಲ್ಲಿ ಕುಳಿತು ಒಂದೊಂದನ್ನೇ ಕಿತ್ತುಹಾಕಿ ಬರುತ್ತಿದ್ದವನು ಬೊಹುಮಿಲ್. ಟ್ರಾಮ್ ಓಡಿಸಿ ನಿವೃತ್ತನಾದ ಆ ಒಂಟಿ ಜೀವಕ್ಕೆ ಬೇಕಿದ್ದದ್ದು ನಕ್ಷತ್ರಗಳಲ್ಲ. ಕನ್ನಡಕವನ್ನು ಹಣೆಗೇರಿಸಿ, "ನೋಡೋಣ, ಇವತ್ತೇನು ರಗಳೆ" ಎನ್ನುವ ಆಕೆಯ ದನಿ ಕೇಳದಿದ್ದರೆ ಅವನಿಗೆ ವಾರ ಮುಗಿಯುತ್ತಲೇ ಇರಲಿಲ್ಲ. ಪ್ರೋಗ್ರಾಮ್ ಓಡಿಬಿಟ್ಟರೆ ಮುಂದೆ ಯಾವ ನೆಪದಲ್ಲಿ ಬರುವುದು ಎಂಬುದೇ ಅವನ ಭಯ.

ಅಂದೂ ಲಿಬುಶೆ ಕಂಪೈಲ್ ಮಾಡುವ ಆದೇಶವನ್ನು ಟೈಪ್ ಮಾಡಿದಳು. ಕಂಪ್ಯೂಟರ್ ಇದು ಇದೆಯೇ, ಅದು ಇದೆಯೇ ಎಂದು ಒಂದೊಂದಾಗಿ ಹುಡುಕತೊಡಗಿತು. ಆಕೆ ಪರದೆಯತ್ತ ಬಗ್ಗಿದ್ದಳು; ಭುಜಕ್ಕೆ ಭುಜ ಸೋಕುವಷ್ಟು ಹತ್ತಿರ. ಆ ಮೈಮರೆವಿನಲ್ಲಿ ಬೊಹುಮಿಲ್‌ನ ಬಾಯಿ ಜಾರಿತು.

"ಇವತ್ತು ಫಾಂಟಿನದ್ದು ಇಲ್ಲ."

ಪರದೆ ಇನ್ನೂ ಹುಡುಕುತ್ತಲೇ ಇತ್ತು. ಕೊಂಚ ಹೊತ್ತಿಗೆ ನಿಂತು, ತಾನೂ ಅದನ್ನೇ ಹೇಳಿತು.

ಲಿಬುಶೆ ಕೀಬೋರ್ಡಿನಿಂದ ಕೈ ತೆಗೆದಳು. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ತೆಗೆಯೋದನ್ನ ಯಾರು ಕಲಿಸಿದ್ರು?"

"ನೀವೇ. ಹಾಕೋದು ಹೇಳಿಕೊಟ್ರಲ್ಲ, ಅದನ್ನೇ ಉಲ್ಟಾ ಮಾಡ್ದೆ." ಅವನು ತಲೆಯೆತ್ತದೆ ಲ್ಯಾಪ್‌ಟಾಪಿಗೆ ಕೈ ಹಾಕಿದ. ಇನ್ನು ಬರುವುದಿಲ್ಲವೆಂದುಕೊಂಡು ಅದನ್ನು ಮುಚ್ಚಹೊರಟ.

ಆಕೆ ಲ್ಯಾಪ್‌ಟಾಪನ್ನು ಮತ್ತೆ ತನ್ನತ್ತ ಎಳೆದುಕೊಂಡು, ಫಾಂಟಿನ ಪ್ಯಾಕೇಜು ಹಾಕಿ ಮುಗಿಸಿದಳು. ಆಮೇಲೆ ಪರದೆಯಿಂದ ಕಣ್ಣು ಕೀಳದೆಯೇ ಹೇಳಿದಳು:

"ಮುಂದಿನ ಸಲ ಬರೀ ಒಂದನ್ನೇ ತೆಗೆದು ಬರಬೇಡಿ, ಬೊಹುಮಿಲ್ ಅವ್ರೇ. ಒಂದನ್ನ ಹಾಕೋಕೆ ಹತ್ತು ನಿಮಿಷಾನೂ ಹಿಡಿಯಲ್ಲ."